ಎಡಕ್ಕೆ ಬೇರೆ ಕಾಗದ

ಮೊದಲ ವಾರ ಬರೀ ಕಾಗದ.
ಅರಿವೆ ಮುಟ್ಟುವ ಹಾಗಿಲ್ಲ ಅಂದರು ಕಾಟಿಗಾರ್ ಮೇಡಂ.
ಕಂದು ಹಾಳೆ, ಬಾಗಿದ ಸ್ಕೇಲು, ಚೂಪು ಪೆನ್ಸಿಲ್ಲು,
ಮತ್ತೊಂದು ಮಾತು, ದಿನಕ್ಕೆ ಹತ್ತು ಸಲ:
ಮೈಯೆಂದರೆ ಅರ್ಧ ಮೈ.
ಅರ್ಧ ಬರೆಯಿರಿ, ಮಡಿಕೆಯ ಮೇಲಿಟ್ಟು ಕತ್ತರಿಸಿರಿ,
ಬಿಡಿಸಿದರೆ ಉಳಿದರ್ಧ ತಾನೇ ಬರುತ್ತದೆ.

ಬಂತು.
ನಾನೂ ಪರ್ವೀನಳೂ ಬಾಯಿ ತೆರೆದು ನಿಂತೆವು,
ಒಂದೇ ಕತ್ತರಿಗೆ ಎರಡು ಹೆಗಲು!

ಸಂಜೆ ಹುಬ್ಬಳ್ಳಿಯ ಗಾಡಿಯಲ್ಲಿ ಗದಗಿಗೆ ಮರಳುವಾಗ
ಮೊಣಕಾಲ ನಡುವೆ ಕಾಗದದ ಸುರುಳಿ.
ಅಣ್ಣಿಗೇರಿಯಲ್ಲಿ ಹತ್ತಿದ ಮುದುಕ ಕೇಳಿದ:
"ಹೊಲದ ನಕಾಶೆ ಏನವಾ? ಎಷ್ಟು ಎಕರೆ?"
"ಬೆನ್ನಿಂದ್ರಿ ಅಜ್ಜಾರ. ಹದಿನಾಕು ಇಂಚು."
ಆತ ಬಹಳ ಹೊತ್ತು ಸುಮ್ಮನಿದ್ದು
ತನ್ನ ಬೆನ್ನನ್ನು ಸೀಟಿಗೆ ಒತ್ತಿ ಅಳೆದುಕೊಂಡ.

ತಪ್ಪಿದ್ದು ಕಡಿಮೆಯಲ್ಲ.
ಬಲದ ತೋಳನ್ನು ಎಡಕ್ಕೆ ಕೂಡಿಸಿದೆ,
ಮಾಂಜರಪಾಟಿನ ಒಂದೇ ಬ್ಲೌಸನ್ನು ಮೂರು ಸಲ ಬಿಚ್ಚಿದೆ.
ಬಿಚ್ಚುವುದಕ್ಕೂ ಒಂದು ಪರೀಕ್ಷೆ ಇಡಬೇಕಿತ್ತು:
ನಾಲ್ಕು ಹೊಲಿಗೆಗೊಂದು ಕಡಿ, ಹಿಂದಿನಿಂದ ದಾರ ಎಳೆ,
ಅರಿವೆಗೆ ಗೊತ್ತಾಗಬಾರದು.
ಗೊತ್ತಾಗುತ್ತದೆ. ಸೂಜಿ ಹೋದಲ್ಲೆಲ್ಲ ಸಣ್ಣ ತೂತು,
ಬೆಳಕಿಗೆ ಹಿಡಿದರೆ ಇರುವೆಯ ಸಾಲು.

ಲ್ಯಾಬಿನ ಡಮ್ಮಿಗೆ ತಲೆಯಿಲ್ಲ, ಮೂವತ್ತಾರರ ಎದೆ,
ಗುಂಡುಸೂಜಿ ಚುಚ್ಚಿದರೂ ಹಾ ಅನ್ನುವುದಿಲ್ಲ.
ಪರ್ವೀನ ಅದಕ್ಕೆ ಚಂಪಕ್ಕ ಅಂತ ಹೆಸರಿಟ್ಟಳು.
ಚಂಪಕ್ಕನಿಗೆ ಎಲ್ಲವೂ ಹೊಂದುತ್ತಿತ್ತು.

ಎರಡನೆಯ ಸೆಮಿಸ್ಟರಿಗೆ, ಜೀವ ಇರುವ ಮೈಗೆ ಹೊಲಿದು ತನ್ನಿ ಅಂದರು.
ಉಳಿದವರು ಅಕ್ಕ, ಅತ್ತಿಗೆ ಅಂತ ಬರೆದರು.
ನಾನು ಅವ್ವನ ಹೆಸರು ಬರೆದೆ: ನೀಲಗಂಗವ್ವ, ಬೆಟಗೇರಿ,
ಖಾನಾವಳಿಯಲ್ಲಿ ದಿನಕ್ಕೆ ಇನ್ನೂರು ರೊಟ್ಟಿ.

ನವನಗರದ ದವಾಖಾನೆಯಿಂದ ಬಂದು ಎರಡು ವರ್ಷ.
ಎಡ ಎದೆಯಿಲ್ಲ ಅವ್ವನಿಗೆ.
ಅಂದಿನಿಂದ ಹಳೆಯ ಕುಬಸಗಳೇ, ಎಡಕ್ಕೆ ಅರಿವೆ ತುರುಕಿ,
ಮೇಲೆ ಸೆರಗು, ಸೆರಗಿನ ಮೇಲೆ ಪಿನ್ನು.
ಯಾವ ಟೇಲರಿಗೂ ಅಳತೆ ಕೊಟ್ಟಿಲ್ಲ.

ರಾತ್ರಿ ಚಿಲಕ ಹಾಕಿ ಟೇಪು ತೆಗೆದೆ.
"ಅಯ್ಯ, ಊರಾಗ ಬ್ಯಾರೆ ಯಾರೂ ಸಿಗಲಿಲ್ಲೇನು ನಿನಗ?"
ಅಂದಳು. ಅನ್ನುತ್ತಲೇ ಹುಕ್ಕು ಬಿಚ್ಚಿದಳು.
ಬಲಕ್ಕೆ, ಹೆಗಲಿನಿಂದ ತುದಿಗೆ ಹತ್ತೂವರೆ.
ಎಡಕ್ಕೆ ತುದಿಯಿಲ್ಲ, ಗೆರೆಯಿದೆ. ಅದರ ಉದ್ದ ಬರೆದುಕೊಂಡೆ.
ಬಲ ತೋಳು ಹನ್ನೆರಡು,
ಎಡ ತೋಳು ಹದಿನಾಲ್ಕು.
"ಬಾವು," ಅಂದಳು, "ಮುಂಜಾನೆ ಇಳೀತದ."
ಮುಂಜಾನೆ ಮತ್ತೆ ಅಳೆದೆ.
ಹದಿನಾಲ್ಕು.

ಮಡಿಕೆಯ ಮೇಲಿಟ್ಟು ಕತ್ತರಿಸಲಾಗಲಿಲ್ಲ.
ಎರಡು ಕಾಗದ ಹಾಸಿದೆ, ಗದಗ ಬೆಟಗೇರಿಯ ಹಾಗೆ,
ಹೆಸರು ಒಂದೇ ಉಸಿರಿಗೆ, ಓಣಿಗಳು ಬೇರೆ.
ಬಲಕ್ಕೆ ಎರಡು ಡಾರ್ಟು. ಎಡಕ್ಕೆ ಒಂದೂ ಇಲ್ಲ,
ಒಳಗೊಂದು ಜೇಬು, ಹತ್ತಿ ಬೇಕೆನಿಸಿದರೆ ಇಡಲಿ ಅಂತ;
ಬಗಲಿಗೊಂದು ಚೌಕ ತುಂಡು;
ಹುಕ್ಕಿನ ಬದಲು ದೊಡ್ಡ ಗುಂಡಿ, ಬಾತ ಬೆರಳಿಗೆ ಸಿಗುವಂಥದು.
ಜವಳಿ ಸಾಲಿನಲ್ಲಿ ಇಟ್ಟಂಗಿ ಬಣ್ಣದ ಖಣ ಕೊಂಡೆ,
ಎರಡು, ಒಂದರಲ್ಲಿ ಕೈ ತಪ್ಪಿದರೆ ಇನ್ನೊಂದಿರಲಿ.
ಒಂದರಲ್ಲಿ ತಪ್ಪಿತು.

ಮೇಡಂ ಕುಬಸವನ್ನು ಒಳಹೊರಗು ಮಾಡಿ ನೋಡಿದರು.
ಅಂಕದ ಹಾಳೆಯಲ್ಲಿ ಒಂದು ಸಾಲು: ಎಡಬಲ ಹೊಂದಿದೆಯೇ?
ಪೆನ್ನು ಅಲ್ಲಿ ನಿಂತಿತು.
"ತೊಟ್ಟರೇನು?"
"ಇನ್ನೂ ಇಲ್ಲರಿ."
"ಹಂಗಾರ ಅಂಕ ಆಮ್ಯಾಲೆ," ಅಂತ ನನ್ನ ಕಡೆ ಸರಿಸಿದರು.

ಐತವಾರ ಅವ್ವ ತೊಟ್ಟಳು.
ಎಡಗೈ ಎತ್ತಿ ಮಾಡದ ಮೇಲಿನ ಹಿಟ್ಟಿನ ಡಬ್ಬಿ ಇಳಿಸಿದಳು,
ಮತ್ತೆ ಇಟ್ಟಳು, ಮತ್ತೆ ಇಳಿಸಿದಳು.
ಒಳಗಿನ ಜೇಬು ಸಿಕ್ಕಿತು. ತಡವಿದಳು.
ಹತ್ತಿ ಇಡಲಿಲ್ಲ, ವಾರದ ಪಗಾರ ಮಡಚಿ ಇಟ್ಟಳು.
"ಬಗಲಾಗ ಜರಾ ಹಿಡೀತದ ನೋಡು."

ತೆಗೆ ಅಂದೆ.
ಬಾಗಿಲ ಬೆಳಕಿಗೆ ಕೂತೆ.
ನಾಲ್ಕು ಹೊಲಿಗೆಗೊಂದು ಕಡಿ.